ಮೊದಲ ಸಲ ಟ್ಯಾಂಡೆಮ್ ಹಾರಾಟ: ಹನ್ನೆರಡು ನಿಮಿಷಕ್ಕೆ ಮೂರು ಸಲ ಕಾಮ್‌ಶೇತ್‌ಗೆ ಹೋದ ಕತೆ

ಈ ವಾರ ಮಾತಾಡಿದ್ದರ ಬರಹ ರೂಪ ಇದು. ಲೋಕಲ್ ಟ್ರೈನಲ್ಲಿ ನಿಂತ್ಕೊಂಡು ವಿಡಿಯೋ ನೋಡೋಕೆ ಆಗಲ್ಲ, ಆದ್ರೆ ಓದ್ತೀವಿ ಅನ್ನೋರು ನಿಮ್ಮಲ್ಲಿ ತುಂಬಾ ಜನ ಇದೀರಿ. ಆರಾಮಾಗಿ ಓದಿ.

ನನ್ನ ಬಗ್ಗೆ ಹೊಸಬರಿಗೆ ಎರಡು ಮಾತು. ಊರು ಗದಗ ಕಡೆ. ಹನ್ನೊಂದು ವರ್ಷದಿಂದ ಮುಂಬೈ. ಮನೆ ಡೊಂಬಿವ್ಲಿ, ಆಫೀಸು ಐರೋಲಿ. ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲಿ ಕೂತು ಕೂತು ಬೆನ್ನಿನ ಡಿಸ್ಕ್ ಒಂದನ್ನು ಹಾಳು ಮಾಡ್ಕೊಂಡಿದೀನಿ. ಈ ಬೆನ್ನಿನ ವಿಷಯ ಮುಂದೆ ಮತ್ತೆ ಬರುತ್ತೆ.

ಹೋದ ವರ್ಷ ದೊಡ್ಡದೊಂದು ರಿಲೀಸ್ ಮುಗಿದ ಮೇಲೆ ನಮ್ಮ ಟೀಮಿನ ಐದು ಜನ ಸೇರಿ ಏನಾದ್ರೂ ಮಾಡೋಣ ಅಂದ್ವಿ. ಒಬ್ಬ ಸ್ಕೈಡೈವಿಂಗ್ ಅಂದ. ಎಲ್ಲರೂ ಹೂಂ ಅಂದ್ರು. ಹುಡುಕೋ ಕೆಲಸ ಮಾತ್ರ ನನ್ನ ತಲೆ ಮೇಲೆ ಬಂತು. ಹುಡುಕ್ತಾ ಹೋದ ಹಾಗೆ ಗೊತ್ತಾದ ಮೊದಲ ಸಂಗತಿ: ಮುಂಬೈ ಮೇಲಿನ ಆಕಾಶದಲ್ಲಿ ಅದು ಆಗೋ ಮಾತಲ್ಲ.

ಮುಂಬೈಯಲ್ಲಿ ಯಾಕಿಲ್ಲ?

ಟ್ಯಾಂಡೆಮ್ ಸ್ಕೈಡೈವ್ ಅಂದ್ರೆ ಏನು ಅಂತ ಮೊದಲು ನೋಡೋಣ. ಸುಮಾರು 10,000 ಅಡಿಯಿಂದ 13,000 ಅಡಿ ಎತ್ತರಕ್ಕೆ ಸಣ್ಣ ವಿಮಾನದಲ್ಲಿ ಕರ್ಕೊಂಡು ಹೋಗ್ತಾರೆ. ನಿಮ್ಮ ಬೆನ್ನಿಗೆ ಇನ್‌ಸ್ಟ್ರಕ್ಟರ್ ಅಂಟಿಕೊಂಡಿರ್ತಾರೆ. ಇಬ್ಬರೂ ಒಟ್ಟಿಗೆ ಜಿಗಿದು, ಗಂಟೆಗೆ 190-200 ಕಿಲೋಮೀಟರ್ ವೇಗದಲ್ಲಿ ಅರ್ಧ ನಿಮಿಷದಿಂದ ಒಂದು ನಿಮಿಷ ಬೀಳ್ತೀರಿ. ಸುಮಾರು 5,000 ಅಡಿಯಲ್ಲಿ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತೆ, ಆಮೇಲೆ ಐದಾರು ನಿಮಿಷ ತೇಲ್ತಾ ಇಳೀತೀರಿ. ಬೆನ್ನ ಮೇಲೆ ಎರಡು ಪ್ಯಾರಾಚೂಟ್ ಇರುತ್ತೆ, ಒಂದು ಕೈಕೊಟ್ರೆ ಇನ್ನೊಂದು. ಇನ್‌ಸ್ಟ್ರಕ್ಟರ್ ಪ್ರಜ್ಞೆ ತಪ್ಪಿದ್ರೂ ಒಂದು ಎತ್ತರಕ್ಕೆ ಬಂದಾಗ ಎರಡನೇದನ್ನು ತಾನೇ ಬಿಚ್ಚೋ ಯಂತ್ರವೂ ಇರುತ್ತೆ.

ಇದಕ್ಕೆ ವಿಮಾನ ಬೇಕು, ರನ್‌ವೇ ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಖಾಲಿ ಆಕಾಶ ಬೇಕು. ಮುಂಬೈಯಲ್ಲಿ ಮೊದಲಿನ ಎರಡಾದ್ರೂ ಸಿಗಬಹುದು, ಮೂರನೇದು ಸಿಗಲ್ಲ. ನಮ್ಮ ವಿಮಾನ ನಿಲ್ದಾಣದ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುತ್ತವೆ, ಅದಕ್ಕೇ ಒಂದು ಹೊತ್ತಿಗೆ ಬಳಸೋಕಾಗೋದು ಒಂದನ್ನೇ. ಅಷ್ಟರಲ್ಲೇ ದಿನಕ್ಕೆ 900ಕ್ಕೂ ಹೆಚ್ಚು ವಿಮಾನಗಳು ಏರಿ ಇಳಿಯುತ್ತವೆ. ಘಾಟ್‌ಕೋಪರ್‌ನಲ್ಲಿ ನಿಂತು ಮೇಲೆ ನೋಡಿದೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಈಗ ನವಿ ಮುಂಬೈ ವಿಮಾನ ನಿಲ್ದಾಣವೂ ಶುರುವಾಗಿದೆ. ಇದರ ನಡುವೆ 10,000 ಅಡಿಯಿಂದ ಇಬ್ಬರು ಬೀಳೋಕೆ ಜಾಗ ಎಲ್ಲಿದೆ?

ಆಗ ಕಣ್ಣಿಗೆ ಬಿದ್ದಿದ್ದು ಒಂದು ಹಳೇ ಕತೆ. 1978ರಲ್ಲಿ ಫ್ರಾನ್ಸಿನ ಮ್ಯೂಸಿ ಅನ್ನೋ ಹಳ್ಳಿಯಲ್ಲಿ ಮೂವರು ಸ್ಕೈಡೈವರ್‌ಗಳಿಗೆ ನಿಖರವಾಗಿ ಇಳಿಯೋದನ್ನ ಅಭ್ಯಾಸ ಮಾಡಬೇಕಿತ್ತು. ಪ್ರತಿ ಸಲ ವಿಮಾನಕ್ಕೆ ದುಡ್ಡು ಹಾಕೋದು ದುಬಾರಿ. ಪ್ಯಾರಾಚೂಟನ್ನೇ ಗುಡ್ಡದ ಮೇಲೆ ಹರಡಿ, ಇಳಿಜಾರಲ್ಲಿ ಓಡಿ, ಹಾರಿ ನೋಡಿದ್ರು. ಕೆಲಸ ಮಾಡ್ತು. ಪ್ಯಾರಾಗ್ಲೈಡಿಂಗ್ ಹುಟ್ಟಿದ ಬಗೆ ಇದು: ಸ್ಕೈಡೈವಿಂಗ್‌ನಿಂದ ವಿಮಾನವನ್ನು ಕಳೆದು ಗುಡ್ಡವನ್ನು ಕೂಡಿಸಿದ್ದು. ನಮಗೂ ವಿಮಾನ ಇರಲಿಲ್ಲ, ಆದ್ರೆ ಗುಡ್ಡ ಇತ್ತು. ಮುಂಬೈಯಿಂದ ಸುಮಾರು 110 ಕಿಲೋಮೀಟರ್ ದೂರದಲ್ಲಿ, ಲೋನಾವಳಾ ದಾಟಿದ ಮೇಲೆ ಸಿಗೋ ಕಾಮ್‌ಶೇತ್.

ಮೊದಲ ಸಲ: ಫಾರ್ಮಿನಲ್ಲಿದ್ದ ಒಂದು ಪ್ರಶ್ನೆ

ಕಲ್ಯಾಣದಲ್ಲಿ ಬೆಳಗ್ಗೆ ಇಂದ್ರಾಯಣಿ ಎಕ್ಸ್‌ಪ್ರೆಸ್ ಹತ್ತಿದ್ವಿ. ಅದು ಕಾಮ್‌ಶೇತ್‌ನಲ್ಲಿ ನಿಲ್ಲಲ್ಲ. ಲೋನಾವಳಾದಲ್ಲಿ ಇಳಿದು ಪುಣೆ ಲೋಕಲ್ ಹಿಡಿಬೇಕು, ಮಳವಲಿ ಆದ ಮೇಲೆ ಕಾಮ್‌ಶೇತ್. ಕರ್ಜತ್‌ನಲ್ಲಿ ಘಾಟ್ ಹತ್ತೋಕೆ ರೈಲಿನ ಹಿಂದುಗಡೆ ಹೆಚ್ಚುವರಿ ಎಂಜಿನ್ ಜೋಡಿಸ್ತಾರೆ. ಅದು ಮುಗಿಯೋ ತನಕ ನಾವು ವಡಾಪಾವ್ ತಿಂದ್ವಿ.

ಸ್ಥಳಕ್ಕೆ ಹೋದ ಕೂಡಲೇ ಕೈಗೆ ಒಂದು ಫಾರ್ಮ್ ಕೊಟ್ರು. ಹೆಸರು, ವಯಸ್ಸು, ತೂಕ, ತುರ್ತು ಸಂದರ್ಭಕ್ಕೆ ಯಾರ ನಂಬರು, ಹೃದಯದ ತೊಂದರೆ, ಆಸ್ತಮಾ, ಫಿಟ್ಸ್, ಇತ್ತೀಚಿನ ಆಪರೇಷನ್. ಆಮೇಲೆ ಒಂದು ಸಾಲು: ಬೆನ್ನು ಅಥವಾ ಕತ್ತಿನ ತೊಂದರೆ ಇದೆಯೇ?

ನಾನು "ಇಲ್ಲ" ಅಂತ ಬರೆದೆ. ಮುಚ್ಚಿಡೋದು ಯಾಕೆ, ನಿಜಾನೇ ಹೇಳ್ತೀನಿ. ಎರಡು ವರ್ಷದ ಹಿಂದೆ ನನ್ನ ಎಲ್4-ಎಲ್5 ಡಿಸ್ಕ್ ಉಬ್ಬಿ, ಮೂರು ವಾರ ಹಾಸಿಗೆ ಬಿಟ್ಟು ಏಳೋಕೆ ಆಗಿರ್ಲಿಲ್ಲ. ಆಮೇಲೆ ವಾಸಿಯಾಗಿತ್ತು, ನೋವೂ ಇರ್ಲಿಲ್ಲ. ನಾಲ್ಕು ಜನ ಗೆಳೆಯರು ಪಕ್ಕದಲ್ಲಿ ನಗ್ತಾ ನಿಂತಿದ್ರು, 3,000 ರೂಪಾಯಿ ಅಡ್ವಾನ್ಸ್ ಕೊಟ್ಟಾಗಿತ್ತು, ನಾನೇ ಹುಡುಕಿ ಕರ್ಕೊಂಡು ಬಂದಿದ್ದೆ. ಆ ಗಳಿಗೆಯಲ್ಲಿ ಕೈ ತಾನಾಗೇ "ಇಲ್ಲ" ಅಂತ ಬರೀತು. ನಾವು ಐಟಿಯೋರು ದಿನಾ ಎಷ್ಟು ಕಡೆ "ಐ ಅಗ್ರೀ" ಒತ್ತುತೀವಿ? ಇದನ್ನೂ ಅಂಥದ್ದೇ ಒಂದು ಅಂದ್ಕೊಂಡೆ.

ಫಾರ್ಮ್ ವಾಪಸ್ ಕೊಡೋ ಮುಂಚೆ ನಮ್ಮ ಪೈಲಟ್ ಹಾರ್ನೆಸ್ ತೋರಿಸಿ ವಿವರಿಸ್ತಾ ಇದ್ರು. ಅದನ್ನ ನಿಮಗೂ ಹೇಳ್ತೀನಿ, ಯಾಕಂದ್ರೆ ಟ್ಯಾಂಡೆಮ್ ಅಂದ್ರೆ ಏನು ಅನ್ನೋದು ಅಲ್ಲೇ ಇದೆ. ಮೇಲೆ ಸುಮಾರು 40 ಚದರ ಮೀಟರಿನ ಒಂದೇ ರೆಕ್ಕೆ. ಒಳಗೆ ಗಟ್ಟಿ ಚೌಕಟ್ಟು ಇಲ್ಲ, ಹೆಚ್ಚೂಕಮ್ಮಿ ಬರೀ ನೈಲಾನ್ ಬಟ್ಟೆ. ಮುಂದಿನ ಅಂಚಿನಲ್ಲಿರೋ ಬಾಯಿಗಳಿಂದ ಗಾಳಿ ನುಗ್ಗಿ, ಒಳಗಿನ ಗೂಡುಗಳು ತುಂಬಿದಾಗ ಮಾತ್ರ ಅದು ರೆಕ್ಕೆ. ಕೆಳಗೆ ಎರಡು ಹಾರ್ನೆಸ್, ಮುಂದಿನದು ನಿಮ್ಮದು, ಹಿಂದಿನದು ಪೈಲಟ್‌ದು. ಇಬ್ಬರೂ ಒಂದೇ ಜೋಡಿ ಕೊಂಡಿಗಳಿಂದ ಅದೇ ರೆಕ್ಕೆಗೆ ತೂಗಿರ್ತೀರಿ. ರೆಕ್ಕೆಯನ್ನು ತಿರುಗಿಸೋ, ನಿಧಾನ ಮಾಡೋ ಹಗ್ಗಗಳು ಪೈಲಟ್ ಕೈಯಲ್ಲಿ. ಆದ್ರೆ ಓಡೋ ಕಾಲುಗಳು ನಾಲ್ಕು, ಇಳಿಯುವಾಗ ನೆಲ ಮುಟ್ಟೋ ಕಾಲುಗಳೂ ನಾಲ್ಕು.

"ಇಳಿಯುವಾಗ ಕೆಲವೊಮ್ಮೆ ಕಾಲು ಜಾರಿ ಕೂತೇ ಇಳಿಯೋದಾಗುತ್ತೆ. ಆಗ ಪೂರ್ತಿ ಏಟು ಬೆನ್ನಿನ ಮೂಳೆಗೆ ಬೀಳುತ್ತೆ. ಅದಕ್ಕೇ ಆ ಪ್ರಶ್ನೆ" ಅಂದ್ರು. ನನ್ನನ್ನೇನೂ ನೋಡಿ ಹೇಳಿದ್ದಲ್ಲ, ಎಲ್ಲರಿಗೂ ಹೇಳಿದ್ದು. ನನ್ನ ಹೊಟ್ಟೆಯಲ್ಲಿ ಮಾತ್ರ ಏನೋ ಕದಡಿತು. ನಾನು ಬರೆದ ಸುಳ್ಳು ನನ್ನೊಬ್ಬನದ್ದಲ್ಲ ಅಂತ ಆಗ ಹೊಳೀತು. ನಾನು ಓಡೋದು ತಪ್ಪಿಸಿದ್ರೆ, ನೋವಿಗೆ ಹೆದರಿ ಕಾಲೂರದೆ ಇದ್ರೆ, ನನ್ನ ಹಿಂದೆ ಕಟ್ಟಿಕೊಂಡಿರೋ ಮನುಷ್ಯನೂ ಬೀಳ್ತಾನೆ. ತೂಕದ ಕತೆಯೂ ಇಷ್ಟೇ. 92 ಕೆಜಿ ಇದ್ದು 84 ಅಂತ ಬರೆದ್ರೆ, ಆತ ಲೆಕ್ಕ ಹಾಕಿ ಆರಿಸಿದ ರೆಕ್ಕೆಯೇ ತಪ್ಪಾಗಬಹುದು.

"ಇಲ್ಲ" ಹೊಡೆದು ಹಾಕಿ "ಹೌದು" ಅಂತ ಬರೆದೆ. ಪೈಲಟ್ ಓದಿ, ನಾಲ್ಕು ಪ್ರಶ್ನೆ ಕೇಳಿ, "ಡಾಕ್ಟರ್ ಹತ್ರ ಒಂದು ಮಾತು ಕೇಳ್ಕೊಂಡು ಬನ್ನಿ, ನಿಮ್ಮ ಅಡ್ವಾನ್ಸ್ ಎಲ್ಲೂ ಹೋಗಲ್ಲ" ಅಂದ್ರು. ಆ ದಿನ ಉಳಿದ ನಾಲ್ವರು ಹಾರಿದ್ರು. ನಾನು ಕೆಳಗೆ ನಿಂತು ಫೋಟೋ ತೆಗೆದೆ. ಸಿಟ್ಟೂ ಬಂದಿತ್ತು, ನಾಚಿಕೆಯೂ ಆಗಿತ್ತು.

ಎರಡನೇ ಸಲ: ಗಾಳಿ ಬೇಡ ಅಂತು

ಡಾಕ್ಟರ್ ಹಳೇ ಸ್ಕ್ಯಾನ್ ನೋಡಿದ್ರು, ಬಗ್ಗಿಸಿ ಏಳಿಸಿ ಪರೀಕ್ಷೆ ಮಾಡಿದ್ರು. ಎರಡು ವರ್ಷದಿಂದ ನೋವಿಲ್ಲ, ಕಾಲು ಜುಮ್ ಅನ್ನಲ್ಲ, ಹೋಗಬಹುದು, ಆದ್ರೆ ನಿಂತೇ ಇಳೀಬೇಕು ಅಂದ್ರು. ಇದು ನನ್ನ ಬೆನ್ನಿಗೆ ಹೇಳಿದ್ದು. ನಿಮ್ಮ ಬೆನ್ನಿಗೆ ನಿಮ್ಮ ಡಾಕ್ಟರನ್ನೇ ಕೇಳಿ.

ಮುಂದಿನ ತಿಂಗಳು ಒಬ್ಬನೇ ಹೋದೆ. ಬಿಸಿಲು ಚೆನ್ನಾಗಿತ್ತು, ಮೋಡದ ಸುಳಿವಿಲ್ಲ. ಗುಡ್ಡದ ಮೇಲೆ ಎರಡೂವರೆ ಗಂಟೆ ಕೂರಿಸಿ, ಕಡೆಗೆ "ಇವತ್ತು ಆಗಲ್ಲ" ಅಂದ್ರು. ಪಕ್ಕದಲ್ಲಿ ಒಬ್ಬರು ಜೋರಾಗಿ ಜಗಳಕ್ಕೇ ನಿಂತ್ರು: ಇಷ್ಟು ದೂರದಿಂದ ಬಂದಿದೀವಿ, ಗಾಳಿ ಇದ್ರೆ ತಾನೇ ಹಾರೋದು, ಇಷ್ಟೊಂದು ಗಾಳಿ ಇದೆಯಲ್ಲ! ಒಳಗೊಳಗೆ ನನ್ನ ಪ್ರಶ್ನೆಯೂ ಅದೇ. ಪೈಲಟ್ ಕೊಟ್ಟ ಉತ್ತರವನ್ನ ಲೆಕ್ಕದ ಸಮೇತ ಹೇಳ್ತೀನಿ.

ಪ್ಯಾರಾಗ್ಲೈಡರ್‌ಗೆ ಎಂಜಿನ್ ಇಲ್ಲ. ಗಾಳಿಯೊಳಗೆ ಅದರ ಮಾಮೂಲಿ ವೇಗ ಗಂಟೆಗೆ 35ರಿಂದ 40 ಕಿಲೋಮೀಟರ್. ಹಾರೋದು ಗಾಳಿಗೆ ಎದುರಾಗಿ. ಎದುರಿನ ಗಾಳಿ 15 ಇದ್ರೆ, ನೆಲದ ಲೆಕ್ಕದಲ್ಲಿ ನೀವು 20ರಿಂದ 25ರ ವೇಗದಲ್ಲಿ ಮುಂದೆ ಹೋಗ್ತೀರಿ. ಅದೇ ಗಾಳಿ 38 ಆದ್ರೆ? ಗಾಳಿಯಲ್ಲಿ ಸಾಗ್ತಾನೇ ಇದೀರಿ, ನೆಲದ ಲೆಕ್ಕದಲ್ಲಿ ನಿಂತಲ್ಲೇ ನಿಂತಿದೀರಿ. 45 ಆದ್ರೆ ಹಿಂದಕ್ಕೆ ಹೋಗ್ತೀರಿ. ಹಿಂದೆ ಏನಿದೆ? ಗುಡ್ಡ. ಗುಡ್ಡದ ನೆತ್ತಿ ದಾಟಿದ ಗಾಳಿ ಹಿಂಬದಿಯಲ್ಲಿ ಸುರುಳಿ ಸುರುಳಿಯಾಗಿ ಕೆಳಗೆ ಬೀಳುತ್ತೆ, ಹೊಳೆಯಲ್ಲಿ ಬಂಡೆ ಹಿಂದೆ ಸುಳಿ ಏಳೋ ಹಾಗೆ. ಬರೀ ಗಾಳಿ ತುಂಬಿ ರೆಕ್ಕೆಯಾಗಿರೋ ಬಟ್ಟೆ ಆ ಸುಳಿಯಲ್ಲಿ ಮುದುಡಿ ಹೋಗಬಹುದು.

ಇನ್ನೊಂದು ಲೆಕ್ಕ. ಗಾಳಿಯ ಬಲ ಅದರ ವೇಗದ ವರ್ಗದಷ್ಟು ಹೆಚ್ಚುತ್ತೆ. 20 ಇದ್ದ ಗಾಳಿ 30 ಆದ್ರೆ ನಮಗೆ ಒಂದೂವರೆ ಪಟ್ಟು ಅನ್ನಿಸುತ್ತೆ, ಬಲ ಮಾತ್ರ ಎರಡೂಕಾಲು ಪಟ್ಟು ಆಗಿರುತ್ತೆ. ಅದಕ್ಕೇ ಅನುಭವ ಇರೋ ಪೈಲಟ್‌ಗಳು ಗಾಳಿ ಸುಮಾರು 20-25ಕ್ಕೆ ಬರ್ತಿದ್ದ ಹಾಗೆ ಗ್ರಾಹಕರನ್ನು ನಿಲ್ಲಿಸ್ತಾರೆ, ಸರಾಸರಿಗಿಂತ ಹೆಚ್ಚು ಬಡಿತಗಳನ್ನ ನೋಡ್ತಾರೆ. ಹಿತವಾದ ಗಾಳಿ ನೇರವಾಗಿ ಗುಡ್ಡಕ್ಕೆ ಬಡಿದ್ರೆ ಮೇಲಕ್ಕೆ ತಿರುಗುತ್ತೆ, ಅದರ ಮೇಲೆ ರೆಕ್ಕೆ ಕೂರುತ್ತೆ. ಅಡ್ಡ ಬಂದ್ರೆ ಕಷ್ಟ, ಬೆನ್ನ ಹಿಂದಿನಿಂದ ಬಂದ್ರೆ ಆ ದಿನ ಮುಗೀತು. ನಡು ಮಧ್ಯಾಹ್ನ ಕಾದ ನೆಲದಿಂದ ಬಿಸಿಗಾಳಿ ಗುಳ್ಳೆ ಗುಳ್ಳೆಯಾಗಿ ಏಳುತ್ತೆ. ಪಳಗಿದವರಿಗೆ ಅದು ಏಣಿ, ಮೊದಲ ಸಲದವರಿಗೆ ಹೊಟ್ಟೆ ತೊಳೆಸೋ ಕುಲುಕಾಟ. ಹೊಸಬರಿಗೆ ಬೆಳಗ್ಗೆ ಅಥವಾ ಸಂಜೆ ಒಳ್ಳೇದು ಅನ್ನೋದು ಇದಕ್ಕೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ, ಹಾರಾಟವೇ ಇಲ್ಲ.

ಅವತ್ತು ರಾತ್ರಿ ವಾಪಸ್ ಬರೋವಾಗ ನನಗೆ ಆಫೀಸಿನ ಒಂದು ಶುಕ್ರವಾರ ನೆನಪಾಯ್ತು. ಕ್ಲೈಂಟ್ ಕಾಯ್ತಿದಾರೆ ಅನ್ನೋ ಒಂದೇ ಕಾರಣಕ್ಕೆ, ಬೇಡ ಅಂತ ಗೊತ್ತಿದ್ರೂ ಸಂಜೆ ಏಳಕ್ಕೆ ರಿಲೀಸ್ ಬಿಟ್ಟು, ಭಾನುವಾರದವರೆಗೂ ನಿದ್ದೆಗೆಟ್ಟಿದ್ವಿ. "ಇವತ್ತು ಬೇಡ" ಅನ್ನೋ ಧೈರ್ಯ ನಮ್ಮಲ್ಲಿ ಯಾರಿಗೂ ಇರ್ಲಿಲ್ಲ. ಈ ಮನುಷ್ಯ ಹನ್ನೊಂದು ಜನರ ದುಡ್ಡನ್ನು ಆ ದಿನಕ್ಕೆ ಬಿಟ್ಟು "ಇವತ್ತು ಬೇಡ" ಅಂದಿದ್ರು. ಇವರ ಜೊತೆ ಕಟ್ಟಿಸ್ಕೋಬಹುದು ಅಂತ ನನಗೆ ನಂಬಿಕೆ ಬಂದಿದ್ದು ಹಾರಿದ ದಿನ ಅಲ್ಲ, ಹಾರದೆ ವಾಪಸ್ ಬಂದ ದಿನ.

ಮೂರನೇ ಸಲ: ಓಡಿ, ಕೂರಬೇಡಿ

ಫಾರ್ಮಿನಲ್ಲಿ ತುರ್ತು ನಂಬರ್ ಅಂತ ಹೆಂಡತಿಯದು ಬರೆದಿದ್ದೆ. ಗದಗಿನಲ್ಲಿರೋ ಅವ್ವಗೆ ಏನೂ ಹೇಳಿರ್ಲಿಲ್ಲ. ಮೂರನೇ ಸಲ ಹೊರಡೋ ಮುಂಚೆ ಫೋನ್ ಮಾಡಿ ಹೇಳಿದೆ. ಬೈಗುಳ ಬರುತ್ತೆ ಅಂದ್ಕೊಂಡಿದ್ದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಏರ್ಸಾವ್ರು ಅದಾರ, ಸರಿ. ಇಳಸಾವ್ರು ಯಾರು ಅಂತ ಕೇಳ್ಕೊಂಡಿಯಿಲ್ಲೋ?" ಅಂದಳು. "ಅವ್ರ ಕೂಡ ಎರಡ್ ಸಲ ಹೋಗಿ ಮಾತಾಡೀನಿ" ಅಂದೆ. "ಹಂಗಾರ ಹೋಗಿ ಬಾ" ಅಂದಳು.

ಸಂಜೆ ನಾಲ್ಕೂವರೆ. ಗಾಳಿ ನೇರ, ಸುಮಾರು 14. ಹೆಲ್ಮೆಟ್, ಹಾರ್ನೆಸ್. ಎರಡು ತೊಡೆಪಟ್ಟಿ, ಒಂದು ಎದೆಪಟ್ಟಿ. ತೊಡೆಪಟ್ಟಿಗಳೇ ಪ್ರಾಣ, ಯಾಕಂದ್ರೆ ನೀವು ಕೆಳಗೆ ಜಾರದ ಹಾಗೆ ಹಿಡಿಯೋದು ಅವೇ. ಪೈಲಟ್ ಹಾಕಿದ್ರು, ಸಹಾಯಕ ಎಳೆದು ನೋಡಿದ, ಕಡೆಗೆ "ನೀವೂ ಮುಟ್ಟಿ ನೋಡಿ, ಬಾಯಿಬಿಟ್ಟು ಹೇಳಿ" ಅಂದ್ರು. "ಎಡ ತೊಡೆ, ಬಲ ತೊಡೆ, ಎದೆ, ಕೊಂಡಿ ಎರಡು" ಅಂತ ಮಗ್ಗಿ ಒಪ್ಪಿಸಿದ ಹಾಗೆ ಹೇಳಿದೆ.

ಆಮೇಲೆ ಎರಡೇ ಆಜ್ಞೆ. ಓಡಿ ಅಂದಾಗ ಓಡಬೇಕು, ನಿಲ್ಲಬಾರದು. ನೆಲ ಬಿಟ್ಟ ಕೂಡಲೇ ಕೂರಬಾರದು, ಹೇಳಿದಾಗ ಕೂರಬೇಕು. ಕೇಳೋಕೆ ಸುಲಭ. ಆದ್ರೆ ರೆಕ್ಕೆ ಹಿಂದಿನಿಂದ ಎದ್ದು ಗಾಳಿ ತುಂಬಿಕೊಳ್ಳುವಾಗ ನಿಮ್ಮನ್ನ ಹಿಂದಕ್ಕೆ ಎಳೆಯುತ್ತೆ. ಎದುರಿಗೆ ನೆಲ ಮುಗಿಯೋ ಅಂಚು ಕಾಣ್ತಿರುತ್ತೆ. ಮೈಯ ಪ್ರತಿ ಕಣವೂ ನಿಲ್ಲು ಅನ್ನುತ್ತೆ. ಅಲ್ಲಿ ನಿಂತ್ರೆನೇ ಅಪಾಯ. ರೆಕ್ಕೆಗೆ ಬೇಕಾದ್ದು ಗಾಳಿಯ ವೇಗ: ಎದುರುಗಾಳಿ 14 ಕೊಡುತ್ತೆ, ಉಳಿದ ಹತ್ತು ಚಿಲ್ಲರೆ ನಾವು ಓಡಿ ಕೊಡಬೇಕು. ಅರ್ಧಕ್ಕೆ ಕೂತ್ರೆ ಪೈಲಟ್ ಒಬ್ಬರೇ ಇಬ್ಬರ ತೂಕ ಹೊತ್ತು ಓಡಬೇಕಾಗುತ್ತೆ.

"ಓಡಿ!"

ನಾನು ಓಡಿದೆ. ಮೊದಲ ಎರಡು ಹೆಜ್ಜೆಗೆ ಎಳೆತ, ಮೂರನೇದಕ್ಕೆ ಮೈ ಹಗುರ, ಐದೋ ಆರೋ ಹೆಜ್ಜೆಗೆ ಕಾಲು ಗಾಳಿಯಲ್ಲೇ ಓಡ್ತಿತ್ತು. "ಸಾಕು, ಈಗ ಕೂತ್ಕೊಳ್ಳಿ" ಅಂತ ಹಿಂದಿನಿಂದ ದನಿ ಬಂತು. ಕೂತೆ.

ನನಗೆ ಆಶ್ಚರ್ಯ ಆಗಿದ್ದು ಎರಡು. ಮೊದಲನೇದು ಸದ್ದು. ಹಗ್ಗಗಳಲ್ಲಿ ಗಾಳಿ ಸುಯ್ಯನ್ನೋದು ಬಿಟ್ರೆ ಏನೂ ಇಲ್ಲ. ಡೊಂಬಿವ್ಲಿಯಲ್ಲಿ ಹನ್ನೊಂದು ವರ್ಷದಲ್ಲಿ ಇಷ್ಟು ನಿಶ್ಶಬ್ದ ನಾನು ಕೇಳಿಲ್ಲ. ಎರಡನೇದು, ತಲೆ ಸುತ್ತಲಿಲ್ಲ. ನಮ್ಮ ಬಿಲ್ಡಿಂಗಿನ ಹನ್ನೆರಡನೇ ಮಹಡಿಯ ಬಾಲ್ಕನಿಯಿಂದ ಕೆಳಗೆ ನೋಡಿದ್ರೆ ನನ್ನ ಕಾಲು ನಡುಗುತ್ತೆ. ಅಲ್ಲಿ ಗೋಡೆ ಕಣ್ಣನ್ನ ನೇರ ನೆಲದವರೆಗೂ ಎಳೆದು ಒಯ್ಯುತ್ತೆ. ಇಲ್ಲಿ ನನಗೂ ನೆಲಕ್ಕೂ ಸಂಬಂಧವೇ ಇರ್ಲಿಲ್ಲ. ಕೆಳಗಿನದೆಲ್ಲ ನಕ್ಷೆಯ ಹಾಗೆ ಕಾಣ್ತಿತ್ತು. ಒಂದು ಕಡೆ ಪವನಾ ಜಲಾಶಯದ ಹೊಳಪು, ಇನ್ನೊಂದು ಕಡೆ ಲೋಹಗಡ, ವಿಸಾಪುರದ ಕೋಟೆ ಗುಡ್ಡಗಳು, ಹೆದ್ದಾರಿಯಲ್ಲಿ ಬೆಂಕಿಪೊಟ್ಟಣದಂಥ ಲಾರಿಗಳು. ಒಂದು ಹದ್ದು ನಮ್ಮ ಪಕ್ಕದಲ್ಲೇ ರೆಕ್ಕೆ ಬಡಿಯದೆ ಮೇಲೇರಿತು. "ಅದು ಹೋದ ಕಡೆ ಗಾಳಿ ಏರ್ತಿದೆ" ಅಂತ ಪೈಲಟ್ ಆ ಕಡೆಗೇ ತಿರುಗಿಸಿದ್ರು.

ಹನ್ನೆರಡು ನಿಮಿಷ. ಆಮೇಲೆ ಗಾಳಿಗೆ ಎದುರಾಗಿ ತಿರುಗಿ ಇಳಿಯೋಕೆ ಬಂದ್ವಿ. "ಎದ್ದು ನಿಲ್ಲಿ, ಕಾಲು ಕೆಳಗೆ." ನೆಲ ಹತ್ತಿರ ಬಂದಾಗ ಪೈಲಟ್ ಎರಡೂ ಬ್ರೇಕ್ ಹಗ್ಗ ಪೂರ್ತಿ ಎಳೆದ್ರು. ರೆಕ್ಕೆಯ ಹಿಂಬದಿ ಬಾಗಿ ವೇಗ ಕುಸೀತು. ಮೂರು ಹೆಜ್ಜೆ ಓಡಿ ನಿಂತ್ವಿ. ಬೆನ್ನಿಗೆ ಏನೂ ಆಗ್ಲಿಲ್ಲ. ಮೊದಲ ಫೋನು ಗದಗಿಗೆ.

ನೀವು ಹೋಗೋ ಮುಂಚೆ

ಇದನ್ನ ಕೇಳಿ ನಾಳೆನೇ ಬುಕ್ ಮಾಡ್ತೀನಿ ಅನ್ನೋರಿಗೆ ಸ್ವಲ್ಪ ಕಹಿ ಮಾತು. 2025ರ ಜನವರಿಯಲ್ಲಿ ಗೋವಾದ ಕೇರಿಯಲ್ಲಿ ಪುಣೆಯಿಂದ ಹೋಗಿದ್ದ ಯುವತಿ, ಆಕೆಯ ಪೈಲಟ್ ಇಬ್ಬರೂ ಟ್ಯಾಂಡೆಮ್ ಹಾರಾಟದಲ್ಲಿ ತೀರಿಕೊಂಡ್ರು. 2024ರ ಫೆಬ್ರವರಿಯಲ್ಲಿ ಕುಲು ಬಳಿ ತೆಲಂಗಾಣದ ಪ್ರವಾಸಿ ಮಹಿಳೆ ಬಿದ್ದು ತೀರಿಕೊಂಡಾಗ, ಮಾನವ ಲೋಪವೇ ಕಾರಣ ಅಂತ ಅಲ್ಲಿನ ಅಧಿಕಾರಿಗಳು ಹೇಳಿದ್ರು. ಇದು ಜೋಕಾಲಿ ಅಲ್ಲ. ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ವಾಯುಕ್ರೀಡೆಗಳಿಗೆ ರಾಷ್ಟ್ರೀಯ ನೀತಿ ತಂದಿದೆ, ಸ್ಕೈಡೈವಿಂಗ್, ಪ್ಯಾರಾಗ್ಲೈಡಿಂಗ್ ಎರಡೂ ಅದರಲ್ಲಿವೆ. ಆದ್ರೆ ಗುಡ್ಡದ ಮೇಲೆ ನಿಮ್ಮ ಪಟ್ಟಿ ಎಳೆದು ನೋಡೋಕೆ ನೀತಿ ಬರಲ್ಲ. ಅದಕ್ಕೇ ಈ ಐದು ಕೇಳಿ:

1. ನನ್ನ ಜೊತೆ ಹಾರೋ ಪೈಲಟ್‌ಗೆ ಟ್ಯಾಂಡೆಮ್ ಲೈಸೆನ್ಸ್ ಇದೆಯಾ? ಒಬ್ಬರೇ ಹಾರೋ ಲೈಸೆನ್ಸ್ ಬೇರೆ, ಇನ್ನೊಬ್ಬರನ್ನ ಕಟ್ಟಿಕೊಂಡು ಹಾರೋದು ಬೇರೆ. ಎಪಿಪಿಐ ಥರದ ಅಂತರರಾಷ್ಟ್ರೀಯ ಸಂಸ್ಥೆಗಳು ಟ್ಯಾಂಡೆಮ್‌ಗೇ ಪ್ರತ್ಯೇಕ ಅರ್ಹತೆ ಕೊಡ್ತವೆ. ಕಾರ್ಡ್ ತೋರಿಸಿ ಅನ್ನಿ. ಸ್ಕೈಡೈವಿಂಗ್‌ನಲ್ಲೂ ಹೀಗೇ: ಅಮೆರಿಕದ ಸ್ಕೈಡೈವಿಂಗ್ ಸಂಘದ ನಿಯಮದಲ್ಲಿ ಟ್ಯಾಂಡೆಮ್ ಇನ್‌ಸ್ಟ್ರಕ್ಟರ್ ಆಗೋಕೆ ಕನಿಷ್ಠ 500 ಜಿಗಿತ, ಮೂರು ವರ್ಷದ ಅನುಭವ ಬೇಕು.

2. ರಿಸರ್ವ್ ಪ್ಯಾರಾಚೂಟ್ ಇದೆಯಾ, ಕಡೇ ಸಲ ಯಾವಾಗ ಬಿಚ್ಚಿ ಮಡಚಿದ್ದು?

3. ಕಡೇ ಸಲ ಗಾಳಿಗೋಸ್ಕರ ಯಾವತ್ತು ಹಾರಾಟ ನಿಲ್ಲಿಸಿದ್ರಿ? "ನಾವು ನಿಲ್ಲಿಸೋದೇ ಇಲ್ಲ ಸಾರ್" ಅಂದ್ರೆ ಅಲ್ಲಿಂದಲೇ ಕೈಮುಗಿದು ವಾಪಸ್ ಬನ್ನಿ.

4. ಹಾರಾಟ ರದ್ದಾದ್ರೆ ದುಡ್ಡಿನ ಕತೆ ಏನು? ರದ್ದು ಮಾಡಿದ್ರೆ ತಮಗೇ ನಷ್ಟ ಅನ್ನೋ ಹಾಗಿದ್ರೆ, ರದ್ದು ಮಾಡೋ ಮನಸ್ಸು ಯಾರಿಗೂ ಬರಲ್ಲ.

5. ಕಡೇದು ನಿಮ್ಮ ಇನ್ಶೂರೆನ್ಸ್ ಕಂಪನಿಗೆ ಕೇಳೋದು. ಆರೋಗ್ಯ ವಿಮೆಗೆ ಐಆರ್‌ಡಿಎಐ ಗೊತ್ತುಮಾಡಿದ ಸ್ಟ್ಯಾಂಡರ್ಡ್ ವಾಕ್ಯದಲ್ಲಿ, ಸ್ಕೈಡೈವಿಂಗ್ ಥರದ ಸಾಹಸ ಕ್ರೀಡೆಗಳಲ್ಲಿ "ವೃತ್ತಿಪರರಾಗಿ" ಭಾಗವಹಿಸಿ ಪೆಟ್ಟಾದ್ರೆ ಹಣ ಇಲ್ಲ ಅಂತಿದೆ. ಒಂದು ಸಲ ಮೋಜಿಗೆ ಹೋದವರ ಮಾತು ಅದಲ್ಲ. ಆದ್ರೆ ಅಪಘಾತ ವಿಮೆ, ಪ್ರವಾಸ ವಿಮೆ, ಟರ್ಮ್ ಪಾಲಿಸಿಗಳ ಮಾತು ಬೇರೆ ಇರಬಹುದು. ಎಚ್‌ಆರ್ ಕಳಿಸಿದ ಆ ಪಿಡಿಎಫ್ ಒಮ್ಮೆಯಾದ್ರೂ ತೆಗೆದು ಓದಿ.

ಮತ್ತೆ ಫಾರ್ಮಿನಲ್ಲಿ ನಿಜ ಬರೀರಿ. ತೂಕ, ಬೆನ್ನು, ಬಿಪಿ, ಹಿಂದಿನ ರಾತ್ರಿ ಕುಡಿದಿದ್ದು, ಎಲ್ಲಾ. ಸ್ಕೈಡೈವ್ ಆಗಲಿ, ಗುಡ್ಡದಿಂದ ಓಡೋದಾಗಲಿ, ಟ್ಯಾಂಡೆಮ್‌ನಲ್ಲಿ ನಿಮಗೆ ಬರಬೇಕಾದ ವಿದ್ಯೆ ಬಹಳ ಕಮ್ಮಿ. ಹಿಂದಿರೋರು ನಿಮ್ಮ ಜೀವ ಹೊತ್ತಿರ್ತಾರೆ, ಅವರ ಜೀವದ ಒಂದು ಪಾಲು ನಿಮ್ಮ ಎರಡು ಕಾಲು ಮತ್ತು ಆ ಫಾರ್ಮಿನ ಮೇಲಿರುತ್ತೆ. ಅಷ್ಟು ನೆನಪಿದ್ರೆ ಸಾಕು.

ನಮ್ಮ ಟೀಮಿನವರು ಈಗಲೂ ಸ್ಕೈಡೈವಿಂಗ್ ಮಾತು ಬಿಟ್ಟಿಲ್ಲ. ಈ ಸಲ ಹುಡುಕೋ ಕೆಲಸ ಬೇರೆಯವರಿಗೆ ಒಪ್ಪಿಸಿದೀನಿ, ಪ್ರಶ್ನೆಗಳ ಪಟ್ಟಿ ಮಾತ್ರ ನಾನು ಕೊಟ್ಟಿದೀನಿ. ನೀವು ಹಾರಿದ್ರೆ, ಅಥವಾ ಹಾರದೆ ವಾಪಸ್ ಬಂದಿದ್ರೆ, ಅದನ್ನೂ ಬರೆದು ತಿಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.